ಪಂಚಾಯಿತಿ ಮುಖಂಡರ ಶಿಬಿರ: ಯಾರು, ಯಾವಾಗ, ಎಲ್ಲಿ?

ಗ್ರಾಮ ಪಂಚಾಯಿತಿಯವರನ್ನು ಒಂದೆರಡು ದಿನ ಊರಾಚೆ ಕರೆದುಕೊಂಡು ಹೋಗೋಣ, ಒಟ್ಟಿಗೆ ಕೂರಿಸಿ ಮುಂದಿನ ಗುರಿ ಗೊತ್ತು ಮಾಡಿಸೋಣ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು: ಎಲ್ಲಿಗೆ? ಜಾಗ ಗೊತ್ತಾದರೆ ಬಸ್ಸು, ಆಮೇಲೆ ಊಟ, ಆಮೇಲೆ ಬ್ಯಾನರ್. ಯಾಕೆ ಹೊರಟಿದ್ದೇವೆ ಅನ್ನುವುದು ಬಸ್ಸು ಹತ್ತಿದ ಮೇಲೆ ನೆನಪಾಗುತ್ತದೆ. ಬೀದರ್, ಕಲಬುರಗಿ, ಯಾದಗಿರಿ ಕಡೆ ಇಂಥ ಶಿಬಿರಗಳ ಏರ್ಪಾಟಿನಲ್ಲಿ ಓಡಾಡುವವನಾಗಿ ನಾನು ಹೇಳುವುದು ಇಷ್ಟೇ. ಈ ಪ್ರಶ್ನೆಗಳನ್ನು ಹಿಂದುಮುಂದು ಮಾಡಿ ಕೇಳಿ. ಮೊದಲು ಯಾರು, ಆಮೇಲೆ ಯಾವಾಗ. ಎಲ್ಲಿ ಅನ್ನುವುದು ಅದರ ನಂತರದ ಮಾತು.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇದು ಇಲಾಖೆಯ ತರಬೇತಿ ಅಲ್ಲ. ಕಾಯ್ದೆ, ಯೋಜನೆ, ಪಂಚಾಯಿತಿ ಲೆಕ್ಕಪತ್ರದ ಪಂಚತಂತ್ರ ತಂತ್ರಾಂಶ, ಆಸ್ತಿ ದಾಖಲೆಯ ಇ-ಸ್ವತ್ತು ಇವನ್ನೆಲ್ಲ ಕಲಿಸಲು ಮೈಸೂರಿನ ಅಬ್ದುಲ್ ನಜೀರ್‌ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇದೆ, ಅಲ್ಲಿಂದ ತಯಾರಾದ ಸಂಪನ್ಮೂಲ ವ್ಯಕ್ತಿಗಳು ಇದ್ದಾರೆ. ಅದು ಬೇಕೇ ಬೇಕು. ಆದರೆ ಕಾಯ್ದೆ ತಿಳಿದುಕೊಂಡ ಇಪ್ಪತ್ತು ಮೆಂಬರ್‌ಗಳು ಒಂದೇ ಕಡೆ ನೋಡುತ್ತಾರೆ ಅಂತ ಏನಿಲ್ಲ. ಅದಕ್ಕೇ ಈ ಶಿಬಿರ.

ಯಾರನ್ನು ಕೂರಿಸೋದು?

ದಾರಿ ಮೂರು. ಒಂದೇ ಪಂಚಾಯಿತಿಯ ಎಲ್ಲರನ್ನೂ ಕರೆಯಬಹುದು. ತಾಲ್ಲೂಕಿನ ಎಲ್ಲ ಅಧ್ಯಕ್ಷರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳನ್ನು (ಪಿಡಿಒ) ಜೋಡಿಯಾಗಿ ಕರೆಯಬಹುದು. ಇಲ್ಲವೇ ಅಧ್ಯಕ್ಷ, ಉಪಾಧ್ಯಕ್ಷರನ್ನು ಮಾತ್ರ, ಅಥವಾ ಅಧಿಕಾರಿಗಳನ್ನು ಮಾತ್ರ.

ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ, ಅಂದರೆ ಇಒ ಸಾಹೇಬರಿಗೆ ಸಾಮಾನ್ಯವಾಗಿ ಎರಡನೆಯದು ಇಷ್ಟ. ಒಂದೇ ಸಲಕ್ಕೆ ಇಡೀ ತಾಲ್ಲೂಕು ಮುಗಿಯುತ್ತದೆ, ವರದಿಯೂ ಚೆನ್ನಾಗಿ ಕಾಣುತ್ತದೆ. ಅದರಲ್ಲಿ ನಿಜವಾದ ಲಾಭವೂ ಇದೆ. ಅಧ್ಯಕ್ಷರಿಗೂ ಪಿಡಿಒಗೂ ಮಾತು ನಿಂತುಹೋಗಿರುವ ಪಂಚಾಯಿತಿ ಪ್ರತಿ ತಾಲ್ಲೂಕಿನಲ್ಲೂ ಒಂದಾದರೂ ಸಿಗುತ್ತದೆ. ಬೇರೆ ಊರಿನ ಜೋಡಿಗಳ ನಡುವೆ ಕೂತಾಗ ಅವರು ತಮ್ಮ ಜಗಳವನ್ನು ಸ್ವಲ್ಪ ದೂರದಿಂದ ನೋಡುತ್ತಾರೆ. ಆದರೆ ಗುರಿ? ಅಲ್ಲಿ ಬರೆಯುವ ಗುರಿಗಳೆಲ್ಲ "ಮಾದರಿ ಗ್ರಾಮ", "ಸಂಪೂರ್ಣ ಸ್ವಚ್ಛತೆ" ಅಂತ ಗೋಡೆಬರಹದ ಹಾಗೆ ಇರುತ್ತವೆ. ಅಧ್ಯಕ್ಷರು ಊರಿಗೆ ಮರಳಿ "ನಾವು ಹೀಗೆ ತೀರ್ಮಾನ ಮಾಡಿದ್ದೇವೆ" ಅಂದರೆ, ಉಳಿದ ಮೆಂಬರ್‌ಗಳು "ನಮ್ಮನ್ನ ಯಾರು ಕೇಳಿದ್ರಿ?" ಅನ್ನುತ್ತಾರೆ. ಅವರು ಕೇಳುವುದೂ ಸರಿಯೇ.

ಗುರಿಯೇ ಮುಖ್ಯ ಅಂದರೆ ಒಂದೇ ಪಂಚಾಯಿತಿಯ ಶಿಬಿರ ಮಾಡಿ. ಕರ್ನಾಟಕದಲ್ಲಿ 400 ಜನಸಂಖ್ಯೆಗೆ ಒಬ್ಬ ಸದಸ್ಯರು ಅನ್ನುವುದು ಲೆಕ್ಕ. 8,000 ಜನರಿರುವ ಪಂಚಾಯಿತಿಗೆ 20 ಸದಸ್ಯರಾದರು. ಪಿಡಿಒ, ಕಾರ್ಯದರ್ಶಿ, ಬಿಲ್ ಕಲೆಕ್ಟರ್, ಕಂಪ್ಯೂಟರ್ ಆಪರೇಟರ್, ಒಬ್ಬಿಬ್ಬರು ನೀರಗಂಟಿಗಳು ಸೇರಿದರೆ ಮೂವತ್ತರ ಒಳಗೆ ಬರುತ್ತದೆ. ಒಂದು ಜಮಖಾನೆ ಮೇಲೆ ವೃತ್ತವಾಗಿ ಕೂರಲು ಇದು ಸರಿಯಾದ ಸಂಖ್ಯೆ. ನೀರಗಂಟಿಯನ್ನು ಮಾತ್ರ ಬಿಡಬೇಡಿ. ಯಾವ ಓಣಿಗೆ ಎಷ್ಟು ಹೊತ್ತು ನೀರು ಬಿಡುತ್ತಾರೆ, ಯಾವ ವಾಲ್ವ್ ಯಾರ ಮಾತಿಗೆ ತಿರುಗುತ್ತದೆ ಅನ್ನುವುದು ಆ ಒಬ್ಬರಿಗೆ ಗೊತ್ತಿರುವಷ್ಟು ಅಧ್ಯಕ್ಷರಿಗೂ ಗೊತ್ತಿರುವುದಿಲ್ಲ.

ಮೂರನೆಯದು, ಅಂದರೆ ಚುನಾಯಿತರದ್ದೇ ಅಥವಾ ಅಧಿಕಾರಿಗಳದ್ದೇ ಬೇರೆ ಶಿಬಿರ, ಸುಮ್ನೆ ಇನ್ನೊಂದು ಕಡೆಯವರನ್ನು ಬೈಯುವುದರಲ್ಲಿ ಮುಗಿಯುತ್ತದೆ.

ಅಧ್ಯಕ್ಷೆಯವರ ಮನೆಯವರು

ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಶಿಬಿರದ ಬಸ್ಸಿಗೆ ಮಾತ್ರ ಗಂಡಸರೇ ಜಾಸ್ತಿ ಹತ್ತುತ್ತಾರೆ. "ನಮ್ಮ ಮನೆಯಾಕಿ ಬದಲಿ ನಾ ಬಂದೀನ್ರಿ" ಅನ್ನುವವರನ್ನು ಎದುರಿಸದೆ ಈ ಭಾಗದಲ್ಲಿ ಶಿಬಿರ ಮಾಡಲು ಆಗುವುದಿಲ್ಲ.

ಗಂಡಂದಿರಿಗೆ ಪ್ರವೇಶವೇ ಇಲ್ಲ ಅಂತ ಆದೇಶ ಮಾಡಬಹುದು. ನೋಡಲು ದಿಟ್ಟ ಕ್ರಮ. ಆದರೆ ರಾತ್ರಿ ಉಳಿಯುವ ಶಿಬಿರವಾದರೆ, ಆ ಹೆಣ್ಣುಮಗಳನ್ನೇ ಮನೆಯಿಂದ ಕಳಿಸದೆ ಇರುತ್ತಾರೆ. ಇಬ್ಬರನ್ನೂ ಕರೆದರೆ, ಆಕೆ ಬಾಯಿ ತೆರೆಯುವ ಮೊದಲು ಈತ ಉತ್ತರ ಕೊಟ್ಟಿರುತ್ತಾನೆ. ನನಗೆ ಸರಿ ಅನ್ನಿಸಿದ್ದು ನಡುವಿನ ದಾರಿ. ಆಹ್ವಾನ ಪತ್ರ ಸದಸ್ಯೆಯ ಹೆಸರಿಗೇ ಹೋಗಬೇಕು, ಫೋನೂ ಆಕೆಯ ನಂಬರಿಗೇ. ಜೊತೆಗೆ ಮನೆಯ ಇನ್ನೊಬ್ಬ ಹೆಂಗಸು ಬರಬಹುದು ಅಂತ ಬರೆಯಿರಿ. ಅತ್ತೆ, ನಾದಿನಿ, ಅಕ್ಕ, ಯಾರಾದರೂ ಸರಿ. ಕೈಗೂಸು ಇದ್ದರೆ ಅದೂ ಬರಲಿ. ಆ ಹೆಚ್ಚಿನ ಊಟದ ಖರ್ಚು ದೊಡ್ಡದಲ್ಲ. ಅತ್ತೆ ಜೊತೆಗಿದ್ದಾರೆ ಅಂದರೆ ಮನೆಯಲ್ಲಿ ತಕರಾರು ಕಡಿಮೆ. ಎಷ್ಟೋ ಸಲ ಆ ಅತ್ತೆಯೇ ಹಿಂದೆ ಕೂತು ಗಟ್ಟಿ ಪ್ರಶ್ನೆ ಕೇಳುವುದೂ ಉಂಟು. ಇಷ್ಟರ ಮೇಲೂ ಗಂಡ ಬಂದೇ ಬಂದರೆ, ಹೊರಗೆ ಒಂದು ಕೋಣೆ, ಚಹಾ, ಪೇಪರ್ ಇಟ್ಟಿರಿ. ಜಗಳ ಮಾಡಬೇಡಿ, ಒಳಗೆ ಮಾತ್ರ ಬಿಡಬೇಡಿ.

ಈ ಕಾರಣಕ್ಕೇ ಜಾಗ ನೋಡುವಾಗ ನಾನು ಮೊದಲು ನೋಡುವುದು ಹೆಂಗಸರ ಕೋಣೆ, ಶೌಚಾಲಯ ಮತ್ತು ಕೋಣೆಯ ಚಿಲಕ. ಸಭಾಂಗಣದ ಎಸಿ ಅಲ್ಲ.

ಭಾಷೆಯನ್ನೂ ಮರೆಯಬೇಡಿ. ಔರಾದ್, ಭಾಲ್ಕಿ ಕಡೆ ಮರಾಠಿ ಮಾತಾಡುವ ಸದಸ್ಯರಿದ್ದಾರೆ, ಗುರುಮಠಕಲ್, ಸೇಡಂ ಗಡಿಯಲ್ಲಿ ತೆಲುಗು, ಎಲ್ಲ ಕಡೆ ಉರ್ದು. ಅಕ್ಷರ ಬಾರದವರೂ ಇರುತ್ತಾರೆ. ಪಿಪಿಟಿ ತೋರಿಸಿದರೆ ಅವರು ಸುಮ್ಮನಾಗಿಬಿಡುತ್ತಾರೆ. ನೆಲದ ಮೇಲೆ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆಯಲು ಹೇಳಿ ನೋಡಿ. ಮೊದಲು ಕೈ ಹಾಕುವವರು ಅವರೇ.

ಒಂದು ದಿನವೋ, ಎರಡೋ, ಮೂರೋ?

ಒಂದು ದಿನದ ಶಿಬಿರದ ಲೆಕ್ಕ ಹೀಗಿರುತ್ತದೆ. ಹತ್ತು ಗಂಟೆ ಅಂದರೆ ಹನ್ನೊಂದೂವರೆಗೆ ಎಲ್ಲರೂ ಸೇರುತ್ತಾರೆ. ಉದ್ಘಾಟನೆ, ಶಾಲು, ಹಾರ, ನೆನಪಿನ ಕಾಣಿಕೆ, ವೇದಿಕೆ ಮೇಲಿನ ಪ್ರತಿಯೊಬ್ಬರ ಎರಡು ಮಾತು. ಊಟ. ಮೂರಕ್ಕೆ ಮತ್ತೆ ಕೂತರೆ ನಾಲ್ಕೂವರೆಗೆ "ಬಸ್ ತಪ್ಪತದ್ರಿ" ಶುರು. ಕೆಲಸದ ಮಾತಿಗೆ ಉಳಿದದ್ದು ಒಂದೂವರೆ ತಾಸು. ಸನ್ಮಾನ ಕೈಬಿಟ್ಟು, ವೇದಿಕೆಯೇ ಹಾಕದೆ ಇದ್ದರೆ ಒಂದು ದಿನದಲ್ಲೂ ಏನಾದರೂ ಮಾಡಬಹುದು. ಆದರೆ ಸನ್ಮಾನ ಕೈಬಿಡುವುದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತು.

ಎರಡು ಹಗಲು, ಒಂದು ರಾತ್ರಿ ನನ್ನ ಆಯ್ಕೆ. ನಿಜವಾದ ಮಾತು ರಾತ್ರಿ ಊಟದ ಮೇಲೆ ಬರುತ್ತದೆ. ಚುನಾವಣೆಯಲ್ಲಿ ಎದುರಾಳಿಗಳಾಗಿ ನಿಂತಿದ್ದ ಇಬ್ಬರು ಎಲೆ ಅಡಿಕೆ ಹಾಕಿಕೊಂಡು ಪಕ್ಕಪಕ್ಕ ಕೂರುವುದು ಆ ಹೊತ್ತಿನಲ್ಲಿ ಮಾತ್ರ. ಮೂರು ದಿನ ಅಂದರೆ ಎರಡನೇ ಸಂಜೆಗೇ ಒಬ್ಬೊಬ್ಬರಾಗಿ ಕರಗುತ್ತಾರೆ. ಹೊಲದ ಕೆಲಸ, ದನಕರು, ಊರಿನ ಸಾವು ನೋವು, ಎಲ್ಲವೂ ಇರುತ್ತವಲ್ಲ.

ಯಾವಾಗ?

ಇಲ್ಲಿ ಹೊಲ ಮತ್ತು ಕಚೇರಿ, ಎರಡರ ಪಂಚಾಂಗವನ್ನೂ ನೋಡಬೇಕು.

ಏಪ್ರಿಲ್, ಮೇ ಬಿಟ್ಟುಬಿಡಿ. 42 ಡಿಗ್ರಿಯಲ್ಲಿ ಯಾರಿಗೂ ಗುರಿ ಕಾಣುವುದಿಲ್ಲ, ನೆರಳು ಮಾತ್ರ ಕಾಣುತ್ತದೆ. ಜೂನ್, ಜುಲೈ ತೊಗರಿ ಬಿತ್ತನೆ. ಡಿಸೆಂಬರ್, ಜನವರಿಯಲ್ಲಿ ಹವೆ ಚೆನ್ನಾಗಿರುತ್ತದೆ, ಆದರೆ ತೊಗರಿ ರಾಶಿಯ ಕಾಲ. ಅದರ ನಡುವೆ ಎಳ್ಳ ಅಮಾವಾಸ್ಯೆ ಬರುತ್ತದೆ. ಅವತ್ತು ಇಡೀ ಬೀದರ್, ಕಲಬುರಗಿ ಹೊಲದಲ್ಲೇ ಇರುತ್ತದೆ. ಚರಗ ಚೆಲ್ಲಿ, ಭಜ್ಜಿ, ರೊಟ್ಟಿ ಉಣ್ಣುವ ದಿನ ಶಿಬಿರಕ್ಕೆ ಕರೆದರೆ ನಿಮ್ಮನ್ನೇ ಹೊಲಕ್ಕೆ ಕರೆಯುತ್ತಾರೆ. ಮಾರ್ಚ್‌ನಲ್ಲಿ ಪಿಡಿಒಗಳ ತಲೆ ತುಂಬ ವರ್ಷದ ಕೊನೆಯ ಬಿಲ್ಲುಗಳು. ಹೋಳಿ ಮುಗಿದ ಬೆನ್ನಿಗೇ ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆಯೂ ಬರುತ್ತದೆ.

ಉಳಿದದ್ದು ಎರಡು ಕಿಂಡಿ. ಒಂದು, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ ಮುಗಿದ ಮೇಲಿನ ಹತ್ತು ಹನ್ನೆರಡು ದಿನ. ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ತಯಾರಿಸುವ ಅಭಿಯಾನ ಸಾಮಾನ್ಯವಾಗಿ ಅಕ್ಟೋಬರ್ 2ರಿಂದ ಶುರುವಾಗುತ್ತದೆ. ಅದಕ್ಕೂ ಮೊದಲು ಕೂತು ಗುರಿ ಒಪ್ಪಿಕೊಂಡರೆ, ಆ ಗುರಿ ಗ್ರಾಮ ಸಭೆಗೆ ಹೋಗುತ್ತದೆ, ಯೋಜನೆಯಲ್ಲಿ ಸೇರುತ್ತದೆ, ದುಡ್ಡೂ ಬೀಳುತ್ತದೆ. ಆಮೇಲೆ ಮಾಡಿದರೆ ಗುರಿ ಒಂದು ಕಡೆ, ಕ್ರಿಯಾ ಯೋಜನೆ ಒಂದು ಕಡೆ. ಮಳೆಯ ಭಯ ಇದೆ, ಹೌದು. ಒಳಗೆ ಕೂರುವ ಜಾಗ ಇದ್ದರೆ ಸಾಕು.

ಇನ್ನೊಂದು ಫೆಬ್ರವರಿ. ರಾಶಿ ಮುಗಿದಿರುತ್ತದೆ, ಬಿಸಿಲು ಏರಿರುವುದಿಲ್ಲ. ಯೋಜನೆಯ ಕೆಲಸ ಆಗಿಹೋಗಿರುವುದರಿಂದ ಹೊಸ ಗುರಿಗೆ ಇದು ತಡ. ಆದರೆ ಮುರಿದ ಮನಸ್ಸು ಕೂಡಿಸುವುದಕ್ಕೆ, ನಡೆದದ್ದನ್ನು ತಿರುಗಿ ನೋಡುವುದಕ್ಕೆ ಒಳ್ಳೆಯ ಕಾಲ. ಒಂದನ್ನೇ ಆರಿಸಬೇಕೆಂದರೆ ನಾನು ಸೆಪ್ಟೆಂಬರ್ ಅನ್ನುತ್ತೇನೆ.

ಅಧ್ಯಕ್ಷರ ಅವಧಿ 30 ತಿಂಗಳು. ಹೊಸ ಅಧ್ಯಕ್ಷರು ಬಂದ ಮೊದಲ ಸೆಪ್ಟೆಂಬರಿನಲ್ಲೇ ಮಾಡಿದರೆ ಗುರಿಗೆ ಕಾಲಾವಕಾಶ ಇರುತ್ತದೆ. ಅವಧಿ ಮುಗಿಯಲು ಆರು ತಿಂಗಳಿರುವಾಗ ಮಾಡುವ ಶಿಬಿರ ಬೀಳ್ಕೊಡುಗೆ ಸಮಾರಂಭವೇ ಸರಿ.

ಈಗ, ಎಲ್ಲಿ?

ರೆಸಾರ್ಟ್ ವಿಷಯ ಮೊದಲು ಮುಗಿಸೋಣ. ಕರ್ನಾಟಕದಲ್ಲಿ ಮೆಂಬರ್‌ಗಳು ಬಸ್ಸಿನಲ್ಲಿ ಕೂತು ರೆಸಾರ್ಟಿಗೆ ಹೊರಟರು ಅಂದರೆ ಜನಕ್ಕೆ ಹೊಳೆಯುವುದು ಅಧ್ಯಕ್ಷಗಾದಿಯ ಚುನಾವಣೆ ಅಥವಾ ಅವಿಶ್ವಾಸ ಗೊತ್ತುವಳಿ. ನೀವು ಒಳಗೆ ಎಷ್ಟೇ ಶ್ರದ್ಧೆಯಿಂದ ಕೆಲಸ ಮಾಡಿ, ಊರಲ್ಲಿ ಬೇರೆಯೇ ಸುದ್ದಿ ಹಬ್ಬಿರುತ್ತದೆ. ಬೀದರಿನ ವಿಲಾಸಪುರದ ಹತ್ತಿರ ಜಂಗಲ್ ಲಾಡ್ಜಸ್‌ನವರ ಬ್ಲ್ಯಾಕ್‌ಬಕ್ ರೆಸಾರ್ಟ್ ಇದೆ. ಕೃಷ್ಣಮೃಗ, ಕೆರೆ, ಹುಲ್ಲುಗಾವಲು. ಸರ್ಕಾರದ್ದೇ ಸಂಸ್ಥೆ, ಮೂವತ್ತು ಜನ ಕೂತು ಯೋಚಿಸಲು ಚಂದದ ಜಾಗ. ಆದರೂ ಹೆಸರಿನಲ್ಲಿ ರೆಸಾರ್ಟ್ ಇದೆಯಲ್ಲ. ಜಿಲ್ಲಾ ಮಟ್ಟದ ಅಧಿಕಾರಿಗಳ ತಂಡಕ್ಕಾದರೆ ನೋಡಬಹುದು, ಗ್ರಾಮ ಪಂಚಾಯಿತಿಗೆ ಬೇಡ.

ಅಗ್ಗದ್ದು, ಹತ್ತಿರದ್ದು ತಾಲ್ಲೂಕು ಪಂಚಾಯಿತಿಯ ಸಾಮರ್ಥ್ಯ ಸೌಧ, ಅಂದರೆ ತರಬೇತಿ ಕಟ್ಟಡ. ಸಭಾಂಗಣ ಇರುತ್ತದೆ, ಬಾಡಿಗೆಯ ತಲೆನೋವಿಲ್ಲ, ಆಡಿಟ್‌ನವರ ಪ್ರಶ್ನೆಯೂ ಇಲ್ಲ. ತೊಂದರೆ ಏನೆಂದರೆ ಅದು ಕಚೇರಿಯ ಆವರಣ. ಮಧ್ಯಾಹ್ನ ಪಿಡಿಒಗಳು "ಐದು ನಿಮಿಷ, ಒಂದು ಸಹಿ" ಅಂತ ಎದ್ದು ಹೋದರೆ ತಿರುಗಿ ಬರುವುದು ಚಹಾದ ಹೊತ್ತಿಗೆ. ರಾತ್ರಿ ಎಲ್ಲರೂ ಮನೆಗೆ. ಒಂದು ದಿನದ ಶಿಬಿರಕ್ಕೆ ಮಾತ್ರ ಇದನ್ನು ಇಟ್ಟುಕೊಳ್ಳಿ.

ಕಲಬುರಗಿ ನಗರದ ಹೋಟೆಲುಗಳಲ್ಲಿ ಸೌಕರ್ಯಕ್ಕೆ ಕೊರತೆ ಇಲ್ಲ. ಬಸ್ಸು, ರೈಲು, ಆಸ್ಪತ್ರೆ ಎಲ್ಲ ಹತ್ತಿರ. ಆದರೆ ನಗರಕ್ಕೆ ಬಂದವರಿಗೆಲ್ಲ ಒಂದೊಂದು ಕೆಲಸ ನೆನಪಾಗುತ್ತದೆ. ಜಿಲ್ಲಾ ಪಂಚಾಯಿತಿ ಕಚೇರಿ, ಮಗನ ಹಾಸ್ಟೆಲ್, ಸೂಪರ್ ಮಾರ್ಕೆಟ್‌ನಲ್ಲಿ ಸೀರೆ. ಕುರ್ಚಿಗಳು ಖಾಲಿಯಾಗುವುದನ್ನು ನೋಡುತ್ತ ನಿಲ್ಲಬೇಕಾಗುತ್ತದೆ.

ನನ್ನ ಮನಸ್ಸು ಬಸವಕಲ್ಯಾಣದ ಕಡೆಗಿದೆ, ಮುಚ್ಚಿಡುವುದೇಕೆ? ಕಲಬುರಗಿಯಿಂದ ಸುಮಾರು 80 ಕಿಲೋಮೀಟರ್, ಬೀದರಿನಿಂದಲೂ ಹೆಚ್ಚುಕಡಿಮೆ ಅಷ್ಟೇ. ಯಾತ್ರಿಕರು ಬಂದುಹೋಗುವ ಊರಾದ್ದರಿಂದ ಕಡಿಮೆ ಖರ್ಚಿನಲ್ಲಿ ಉಳಿಯಲು ಜಾಗ ಸಿಗುತ್ತದೆ. ದಾಸೋಹದ ಊಟದಲ್ಲಿ ಎಲ್ಲರೂ ಒಂದೇ ಸಾಲು. ಹಳ್ಳಿಯ ರಾಜಕೀಯದಲ್ಲಿ ಯಾರ ಪಕ್ಕ ಯಾರು ಉಣ್ಣುತ್ತಾರೆ ಅನ್ನುವುದು ಸಣ್ಣ ವಿಷಯವಲ್ಲ. ಹನ್ನೆರಡನೆಯ ಶತಮಾನದಲ್ಲಿ ಬೇರೆಬೇರೆ ಕಾಯಕದ ಹೆಣ್ಣು ಗಂಡು ಒಟ್ಟಿಗೆ ಕೂತು ಪ್ರಶ್ನೆ ಕೇಳಿದ ಅನುಭವ ಮಂಟಪದ ಊರು ಅದು. ಅಲ್ಲಮಪ್ರಭು ಅಧ್ಯಕ್ಷತೆಯ ಪೀಠದಲ್ಲಿ ಕೂತಿದ್ದರೂ ಎದುರು ಮಾತಿಗೆ ಅಲ್ಲಿ ಅಡ್ಡಿ ಇರಲಿಲ್ಲ. ಇದನ್ನು ಭಾಷಣ ಮಾಡಿ ಹೇಳಬೇಕಿಲ್ಲ. ಬೆಳಿಗ್ಗೆ ಒಂದು ಸುತ್ತು ಹಾಕಿಸಿದರೆ ಸಾಕು. ಒಂದು ಎಚ್ಚರ: ಮಠದ ಆವರಣದಲ್ಲಿ ಉಳಿಯುವುದಾದರೆ ಎಲ್ಲ ಧರ್ಮದ ಸದಸ್ಯರಿಗೂ ಅದು ಸರಿಯೇ ಅಂತ ಮೊದಲೇ ಕೇಳಿ. ಕೇಳಿದರೆ ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ. ಕೇಳದೇ ಇದ್ದರೆ ಬೇಸರವಾಗುತ್ತದೆ.

ಬೀದರ್ ಎರಡನೇ ಆಯ್ಕೆ. ಎತ್ತರದ ಊರು, ಕಲಬುರಗಿಗಿಂತ ತಂಪು. 2017ರಲ್ಲಿ ಕಲಬುರಗಿ–ಬೀದರ್ ರೈಲು ಮಾರ್ಗ ಶುರುವಾದ ಮೇಲೆ ಬಸ್ಸಿನ ಖರ್ಚನ್ನೂ ಉಳಿಸಬಹುದು. ನೀರಿನ ಗುರಿ ಇಟ್ಟುಕೊಳ್ಳುವ ಪಂಚಾಯಿತಿಗಾದರೆ ಬೀದರೇ ಮೊದಲ ಆಯ್ಕೆ ಅನ್ನುತ್ತೇನೆ, ಯಾಕೆಂದರೆ ಅಲ್ಲಿ ನೌಬಾದಿನ ಕರೇಜ್ ಇದೆ. ಬಹಮನಿ ಕಾಲದಲ್ಲಿ ನೆಲದೊಳಗೆ ತೋಡಿದ ನೀರಿನ ಸುರಂಗ, ಮೇಲಿನಿಂದ ಸಾಲಾಗಿ ಬಾವಿಗಳು. ಹೂಳು ತುಂಬಿ ಮರೆತೇಹೋಗಿದ್ದನ್ನು ಈಚೆಗೆ ಹೂಳೆತ್ತಿ ಬೆಳಕಿಗೆ ತಂದರು. ಕಟ್ಟುವುದಕ್ಕಿಂತ ನೋಡಿಕೊಳ್ಳುವುದು ಕಷ್ಟ ಅನ್ನುವುದನ್ನು ಅಲ್ಲಿ ನಿಂತರೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ತಮ್ಮೂರಿನಲ್ಲಿ ಕೆಟ್ಟು ನಿಂತ ಶುದ್ಧ ನೀರಿನ ಘಟಕ ತಾನಾಗಿ ಮಾತಿಗೆ ಬರುತ್ತದೆ.

ಯಾದಗಿರಿಯವರಿಗೆ ಬೀದರ್, ಬಸವಕಲ್ಯಾಣ ಎರಡೂ ದೂರ. ಅರ್ಧ ದಿನ ದಾರಿಯಲ್ಲೇ ಹೋಗುತ್ತದೆ. ಸುರಪುರ, ಶಹಾಪುರ ಕಡೆಯವರು ನಾರಾಯಣಪುರದ ಬಸವಸಾಗರ ಅಣೆಕಟ್ಟಿನ ಕಡೆ ಹೋಗಬಹುದು. ಕಾಲುವೆಯ ಮೇಲ್ಭಾಗದವರು, ಕೊನೆಯ ಭಾಗದವರು ಒಟ್ಟಿಗೆ ಇರುವ ತಂಡವಾದರೆ ಮಾತಿಗೆ ವಿಷಯ ಹುಡುಕಬೇಕಿಲ್ಲ. ಯಾದಗಿರಿ ತಾಲ್ಲೂಕಿನವರಿಗೆ ಚಿತ್ತಾಪುರ ತಾಲ್ಲೂಕಿನ ಸನ್ನತಿ ಹತ್ತಿರ, ಭೀಮಾ ದಂಡೆ, ಚಂದ್ರಲಾ ಪರಮೇಶ್ವರಿ ಗುಡಿ. ಪಕ್ಕದ ಕನಗನಹಳ್ಳಿಯಲ್ಲಿ "ರಾಯೋ ಅಸೋಕೋ" ಅಂತ ಬರೆದ ಅಶೋಕನ ಶಿಲ್ಪ ಸಿಕ್ಕಿದೆ. ನೋಡಲು ಅರ್ಧ ದಿನಕ್ಕೆ ಸರಿ, ಮೂವತ್ತು ಜನ ಉಳಿಯಲು ನಾನು ಆರಿಸುವುದಿಲ್ಲ.

ಚಿಂಚೋಳಿಯ ಚಂದ್ರಂಪಳ್ಳಿ ಕಾಡು, ಕೆರೆ ನೋಡಿದರೆ ನಮ್ಮ ಕಡೆ ಇಂಥ ಜಾಗ ಇದೆಯಾ ಅನ್ನಿಸುತ್ತದೆ. ಫೋನ್ ಸಿಗ್ನಲ್ ಸಿಗದಿದ್ದರೆ ಇನ್ನೂ ಒಳ್ಳೆಯದು! ಆದರೆ ಅದು ವನ್ಯಜೀವಿ ಧಾಮ. ಅರಣ್ಯ ಇಲಾಖೆಯ ಒಪ್ಪಿಗೆ, ಜನರ ಮಿತಿ, ಊಟದ ಸಾಗಾಟ, ಇಷ್ಟೆಲ್ಲ ನೋಡಿಕೊಳ್ಳುವ ಒಬ್ಬರು ಇದ್ದರೆ ಮಾತ್ರ ಕೈಹಾಕಿ.

ಮೈಸೂರು? ಬಸವ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ಇಡೀ ರಾತ್ರಿ ಮೀರಿ ಪ್ರಯಾಣ. ಅರಮನೆ, ಚಾಮುಂಡಿ ಬೆಟ್ಟ, ಬೃಂದಾವನ ಆದಮೇಲೆ ಗುರಿಗೆ ಎಲ್ಲಿದೆ ಹೊತ್ತು. ಅಧ್ಯಯನ ಪ್ರವಾಸ ಅಂತ ಹೆಸರಿಟ್ಟು ಹೋಗಿ, ತಪ್ಪಿಲ್ಲ. ಇದರ ಜೊತೆ ಬೆರೆಸಬೇಡಿ.

ನಡೆಸುವವರು ಮತ್ತು ಆಟಗಳು

ಬೆಂಗಳೂರಿನಿಂದ ಬರುವ ಕಾರ್ಪೊರೇಟ್ ತರಬೇತುದಾರರು ಚುರುಕಾಗಿರುತ್ತಾರೆ. ಬಲೂನು, ಹಗ್ಗ, ಕಣ್ಣಿಗೆ ಬಟ್ಟೆ ಎಲ್ಲ ತರುತ್ತಾರೆ. ಒಂದು ಶಿಬಿರದಲ್ಲಿ ಹಿರಿಯ ಮೆಂಬರ್ ಒಬ್ಬರು ಕೇಳಿದ್ದರು: "ಸರ, ಈ ಫುಗ್ಗಾ ಊದಿದ್ರ ನಮ್ಮ ನಳಕ್ಕ ನೀರ್ ಬರ್ತದೇನ್ರಿ?" ತರಬೇತುದಾರರ ಹತ್ತಿರ ಉತ್ತರ ಇರಲಿಲ್ಲ. ನಿವೃತ್ತ ಅಧಿಕಾರಿಗಳಿಗೆ ಉತ್ತರ ಗೊತ್ತಿರುತ್ತದೆ, ಆದರೆ ಅವರೇ ಎರಡು ತಾಸು ಮಾತಾಡುತ್ತಾರೆ. ಸ್ವಯಂಸೇವಾ ಸಂಸ್ಥೆಯವರು ಜನರನ್ನು ಮಾತಾಡಿಸುವುದರಲ್ಲಿ ಪಳಗಿದವರು. ಅನುದಾನದ ನಿಯಮ ಅವರಿಗೆ ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. ಹಾಗಾಗಿ ಮಾತಾಡಿಸಲು ಒಬ್ಬರು, ನಿಯಮ ಹೇಳಲು ಪಕ್ಕದಲ್ಲಿ ಒಬ್ಬರು, ಈ ಜೋಡಿಯೇ ಒಳ್ಳೆಯದು. ನಿಯಮದವರು ಕೇಳಿದಾಗ ಮಾತ್ರ ಬಾಯಿ ತೆರೆಯಬೇಕು ಅಂತ ಮೊದಲೇ ಒಪ್ಪಂದ ಮಾಡಿಕೊಳ್ಳಿ.

ಆಟ ಬೇಕಾದರೆ ಸಂಜೆ ಕಬಡ್ಡಿ ಆಡಿಸಿ. ಪಕ್ಷದ ಪ್ರಕಾರ ತಂಡ ಆಗದ ಹಾಗೆ ನೋಡಿಕೊಳ್ಳಿ, ಅಷ್ಟೇ.

ಎಷ್ಟು ಗುರಿ?

ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಪಂಚಾಯಿತಿ ಮಟ್ಟಕ್ಕೆ ಇಳಿಸಿ ಒಂಬತ್ತು ವಿಷಯಗಳಾಗಿ ಮಾಡಿದ್ದಾರೆ. ಬಡತನ ಮುಕ್ತ, ಆರೋಗ್ಯವಂತ, ಮಕ್ಕಳ ಸ್ನೇಹಿ, ಸಾಕಷ್ಟು ನೀರಿರುವ, ಸ್ವಚ್ಛ ಹಸಿರು ಗ್ರಾಮ ಹೀಗೆ. ಒಂಬತ್ತನ್ನೂ ಎರಡು ದಿನದಲ್ಲಿ ಚರ್ಚಿಸುವುದು ಒಂದು ಬಗೆ. ವರದಿ ದಪ್ಪಗಾಗುತ್ತದೆ. ಒಂದೋ ಎರಡೋ ವಿಷಯ ಆರಿಸಿ ಸಂಕಲ್ಪ ಮಾಡುವುದು ಇನ್ನೊಂದು ಬಗೆ. ಯೋಜನೆಯ ಕ್ರಮವೂ ಅದನ್ನೇ ಕೇಳುತ್ತದೆ. ನನ್ನ ಒಲವು ಎರಡನೆಯದಕ್ಕೆ.

ಗುರಿಯನ್ನು ಬರೆದ ಮೇಲೆ ನೀರಗಂಟಿಗೆ ಓದಿ ಹೇಳಿ. "ಎಲ್ಲರಿಗೂ ನೀರು" ಅಂದರೆ ತಲೆಯಾಡಿಸಿ ಸುಮ್ಮನಾಗುತ್ತಾರೆ. "ಬರುವ ಬೇಸಿಗೆಯಲ್ಲಿ ದಲಿತರ ಓಣಿಯ ಕಡೇ ಮನೆಯ ನಳಕ್ಕೂ ದಿನ ಬಿಟ್ಟು ದಿನ ಒಂದು ತಾಸು ನೀರು" ಅಂದರೆ, "ಆಗಲ್ರಿ, ಅಲ್ಲಿಗೆ ಬೇರೆ ಪೈಪ್ ಬೇಕು" ಅನ್ನುತ್ತಾರೆ. ಕೆಲಸ ಶುರುವಾಗುವುದು ಆ "ಆಗಲ್ರಿ"ಯಿಂದ.

ದುಡ್ಡು, ಮತ್ತು ಆಮೇಲೆ

15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದಾಗಿತ್ತು. ಇಂಥ ಅನುದಾನದ ಹಣವನ್ನು ಶಿಬಿರದ ಬಸ್ಸಿಗೆ ಮುಟ್ಟುವ ಯೋಚನೆಯೇ ಬೇಡ. ಜಿಲ್ಲಾ ಪಂಚಾಯಿತಿ ಮೂಲಕ ರಾಷ್ಟ್ರೀಯ ಗ್ರಾಮ ಸ್ವರಾಜ್ ಅಭಿಯಾನದಂಥ ತರಬೇತಿ ಬಾಬ್ತಿನಲ್ಲಿ ಕೇಳಬಹುದು. ದರ, ದಿನ, ವಿಷಯ ಎಲ್ಲ ಅವರು ಹೇಳಿದ ಹಾಗೆ. ಕರ ವಸೂಲಿಯಿಂದ ಬಂದ ಸ್ವಂತ ನಿಧಿಯಾದರೆ ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿ, ಖರ್ಚಿನ ಪಟ್ಟಿಯನ್ನು ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಅಂಟಿಸಿಬಿಡಿ. ಊರವರೇ ಓದಲಿ. ಊಟಕ್ಕೆ ಹೋಟೆಲ್ ಬುಫೆಗಿಂತ ಸಂಜೀವಿನಿ ಸ್ವಸಹಾಯ ಸಂಘಗಳ ಒಕ್ಕೂಟದ ಹೆಣ್ಣುಮಕ್ಕಳು ಮಾಡುವ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಅಗ್ಗ. ರುಚಿಯ ಮಾತು ಬೇಡವೇ ಬೇಡ.

ಮುಗಿದ ಮೇಲೆ ವಾಟ್ಸಾಪ್ ಗ್ರೂಪ್ ಮಾಡುವುದೋ, ಸಭೆಯ ಅಜೆಂಡಾಕ್ಕೆ ಸೇರಿಸುವುದೋ? ಗ್ರೂಪಿನಲ್ಲಿ ವಾರದೊಳಗೆ ಶುಭೋದಯದ ಹೂವುಗಳು ಅರಳುತ್ತವೆ. ಅಜೆಂಡಾವೇ ಸರಿ. ಪ್ರತಿ ಸಾಮಾನ್ಯ ಸಭೆಯ ಮೊದಲ ವಿಷಯವಾಗಿ ಆ ಒಂದೆರಡು ಗುರಿಗಳನ್ನು ಬರೆಸಿ. ಪ್ರತಿಯೊಂದರ ಮುಂದೆ ಒಬ್ಬ ಸದಸ್ಯರ ಮತ್ತು ಒಬ್ಬ ಸಿಬ್ಬಂದಿಯ ಹೆಸರಿರಲಿ. ಅಧ್ಯಕ್ಷರ ಹೆಸರನ್ನು ಎಲ್ಲದರ ಮುಂದೆ ಬರೆಯಬೇಡಿ. ಹಾಗೆ ಬರೆದರೆ ಉಳಿದವರು ಆರಾಮಾಗಿ ಕೂರುತ್ತಾರೆ.